ಓದು ಅಳೆದ ಟೀಚರು

ಟೀಚರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವರು ಬಣಕಲ್‌ನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿನ ಹೋಟೆಲಿನವರು. ನಾನು ಕಾಫಿಗೆ ಹೇಳಿ ಕೂತಿದ್ದೆ. ಅವರು ಗಲ್ಲಾ ಬಿಟ್ಟು ಎದ್ದು ಬಂದು ನನ್ನ ಎದುರು ಕೂತರು. ಮೇಜಿನ ಮೇಲೆ ಚೆಲ್ಲಿದ್ದ ಸಕ್ಕರೆಯನ್ನು ಬೆರಳಿನಿಂದ ಒತ್ತಿ ತೆಗೆಯುತ್ತಾ, “ನಿಮ್ಮ ಟೀಚರು ಹೋದ್ರಂತೆ ಮೇಷ್ಟ್ರೇ. ಕಳಸದಲ್ಲಿ, ತಂಗಿ ಮನೇಲಿ” ಎಂದರು. ಆಮೇಲೆ, “ನಮ್ಮ ಹೋಟೆಲಲ್ಲಿ ಅವರಷ್ಟು ಬೋಂಡ ತಗೊಂಡ ಹೆಂಗಸು ಇನ್ನೊಬ್ರಿಲ್ಲ” ಎಂದು ಸೇರಿಸಿದರು.

ಸತ್ತವರ ಬಗ್ಗೆ ಆಡುವ ಮಾತೇ ಇದು ಎಂದು ಬೇರೆಯವರಿಗೆ ಅನ್ನಿಸಬಹುದು. ನನಗೆ ಮಾತ್ರ ಅದಕ್ಕಿಂತ ಸರಿಯಾದ ಶ್ರದ್ಧಾಂಜಲಿ ಬೇರೆ ಇಲ್ಲವೆನಿಸಿತು. ನನ್ನ ಬಸ್ಸು ಬಂದು ಹೋದದ್ದೂ ಗೊತ್ತಾಗಲಿಲ್ಲ.

ಟೀಚರಿಗೆ ಬೋಂಡ ಆಗುತ್ತಿರಲಿಲ್ಲ. ಎಣ್ಣೆ ಪದಾರ್ಥ ಬಾಯಿಗಿಟ್ಟರೆ ಎದೆಯುರಿ. ಆದರೆ ಆ ಹೋಟೆಲಿನಲ್ಲಿ ಬೋಂಡ ಕಟ್ಟಿಕೊಡುತ್ತಿದ್ದದ್ದು ಹಳೇ ವಾರಪತ್ರಿಕೆಗಳ ಹಾಳೆಯಲ್ಲಿ. ಒಮ್ಮೆ ಯಾವುದೋ ಧಾರಾವಾಹಿಯ ನಡುವಿನ ಪುಟ ಅವರ ಕೈಗೆ ಸಿಕ್ಕಿತು. ಹಾಳೆ ಮುಗಿಯುವ ಹೊತ್ತಿಗೆ ನಾಯಕಿ ಬಾವಿಕಟ್ಟೆಯ ಮೇಲೆ ನಿಂತಿದ್ದಳು. ಟೀಚರು ಗಲ್ಲಾದ ಬಳಿಗೆ ಹೋಗಿ, ಇದರ ಮುಂದಿನ ಪುಟದಲ್ಲಿ ಇನ್ನೊಂದು ಪ್ಲೇಟು ಕಟ್ಟಿಕೊಡಿ ಎಂದು ಕೇಳಿದರು. ಸುಮ್ಮನೆ ಹಾಳೆ ಕೇಳಿ ಪಡೆಯಲು ಅವರಿಗೆ ಸಂಕೋಚ. ಬೋಂಡ ನನಗೆ, ಹಾಳೆ ಅವರಿಗೆ. ಆ ನಾಯಕಿ ಬಾವಿಗೆ ಬೀಳದೆ, ಮನೆಗೆ ಹೋಗಿ, ಮದುವೆಯಾಗುವಷ್ಟರಲ್ಲಿ ನನ್ನ ಹೊಟ್ಟೆ ಪೂರ್ತಿ ಕೆಟ್ಟಿತ್ತು.

ಅವರು ನಮ್ಮೂರ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಕುಳ್ಳ ದೇಹ, ಮೇಲೆತ್ತಿ ಸಿಕ್ಕಿಸಿದ ಸೀರೆ, ಗಂಡಸರು ಹಾಕುವ ಕ್ಯಾನ್ವಾಸ್ ಶೂ, ಅವರಿಗಿಂತ ಸ್ವಲ್ಪವೇ ಗಿಡ್ಡದಾದ ಕೊಡೆ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಅಕ್ಷರ ಕಂಡಲ್ಲಿ ಅವರ ಕಾಲು ನಿಲ್ಲುತ್ತಿತ್ತು. ಗೊಬ್ಬರದ ಚೀಲವನ್ನು ಮೇಲಿನಿಂದ ಕೆಳಗಿನವರೆಗೆ ಓದುತ್ತಿದ್ದರು. ಲಾರಿಯ ಹಿಂಭಾಗದ ಬರಹ ಪೂರ್ತಿಯಾಗುವ ಮೊದಲೇ ಲಾರಿ ಹೋದರೆ ಆ ದಿನವೆಲ್ಲ ಅವರಿಗೆ ಒಂದು ಥರ. ಏರುದನಿಯಲ್ಲಿ ಬೈದದ್ದನ್ನು ನಾನು ಕೇಳಿಲ್ಲ. ಯಾರು ಏನು ಹೇಳಿದರೂ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: “ಸಾಕ್ಷಿ ಏನು?” ಪಾಠ ಓದಿಕೊಂಡು ಬಂದಿದ್ದೇನೆ ಎನ್ನುವ ಹುಡುಗರಿಗೂ ಇದೇ, ಹಾಲಿಗೆ ನೀರು ಹಾಕಿಲ್ಲ ಎನ್ನುವ ಹಾಲಿನವಳಿಗೂ ಇದೇ.

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಕಡೆ ಸಾಕ್ಷರತೆಯ ಗಾಳಿ ಎದ್ದಿತು. ಜೀಪಿನ ಮೇಲೆ ಮೈಕು, ಸಂತೆಯಲ್ಲಿ ಬೀದಿನಾಟಕ, ಗೋಡೆಗಳ ಮೇಲೆಲ್ಲ ಬರಹ. ಪಂಚಾಯ್ತಿ ಕಟ್ಟಡದ ಗೋಡೆಯ ಮೇಲೆ ‘ಓದು ಬಾರದವರೇ, ಇಂದೇ ಓದು ಕಲಿಯಿರಿ’ ಎಂದು ಬರೆಯುತ್ತಿದ್ದ ಪೇಂಟರನ್ನು ಟೀಚರು, ಇದನ್ನು ಯಾರು ಓದಬೇಕು ಎಂದು ಕೇಳಿದರಂತೆ. ಅವನು ಬ್ರಷ್ಷು ಕೆಳಗಿಟ್ಟು ಯೋಚಿಸುತ್ತಾ ಕೂತವನು ಆ ಮಧ್ಯಾಹ್ನ ಮತ್ತೆ ಕೆಲಸ ಮಾಡಲಿಲ್ಲ.

ನಮ್ಮ ಪಂಚಾಯ್ತಿಯ ಸಮೀಕ್ಷೆಯನ್ನು ಮೇಲಿನ ಆಫೀಸಿನವರು ಟೀಚರಿಗೆ ವಹಿಸಿದರು. ನಾನು ಆಗತಾನೆ ಪ್ರೈಮರಿ ಶಾಲೆಗೆ ಸೇರಿದ್ದ ಮೇಷ್ಟ್ರು. ನನ್ನ ಬಳಿ ಮೊಪೆಡ್ ಇದೆ ಎಂಬ ಕಾರಣಕ್ಕೆ ಅವರ ಜೊತೆ ಹಾಕಿದರು. ಏರು ಬಂದರೆ ಇಬ್ಬರನ್ನು ಎಳೆಯದ ಮೊಪೆಡ್ ಅದು, ಟೀಚರು ಇಳಿದು ನಡೆಯುತ್ತಿದ್ದರು. ಇಳಿಜಾರು ಬಂದರೆ ಭಯವೆಂದು ಇಳಿಯುತ್ತಿದ್ದರು. ನಮ್ಮ ಕಡೆ ಏರು ಇಳಿಜಾರು ಬಿಟ್ಟರೆ ಮೂರನೆಯದು ಇಲ್ಲ. ಹೀಗಾಗಿ ಸಮೀಕ್ಷೆಯನ್ನೆಲ್ಲ ಅವರು ನಡೆದೇ ಮಾಡಿದರು. ಅವರ ಚೀಲವನ್ನು ಮೊಪೆಡ್ಡಿನ ಮೇಲಿಟ್ಟುಕೊಂಡು ನಾನು ಪಕ್ಕದಲ್ಲಿ ನಿಧಾನವಾಗಿ ಹೋಗುತ್ತಿದ್ದೆ.

ಕೇಳಬೇಕಾದದ್ದು ಎರಡೇ ವಿಷಯ. ಮನೆಯಲ್ಲಿ ಯಾರಿಗೆ ಓದಲು ಬರುತ್ತದೆ, ಓದಲು ಏನೇನಿದೆ. ಓದು ಬರುತ್ತದೆಯೇ ಎಂದು ತಿಳಿಯಲು ಆಫೀಸಿನಿಂದಲೇ ಒಂದು ಕಾರ್ಡು ಕೊಟ್ಟಿದ್ದರು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ನಮ್ಮ ಊರು ಚಂದದ ಊರು’ ಎಂದಿತ್ತು.

ಜನ ನಾವು ಅಂದುಕೊಂಡದ್ದಕ್ಕಿಂತ ಮುಂದಿದ್ದರು. ಓದು ಬಾರದವರು ಸಂಜೆ ಕ್ಲಾಸಿಗೆ ಬರಬೇಕು, ಓದು ಬರುವವರು ಆ ಕ್ಲಾಸಿನಲ್ಲಿ ಕಲಿಸಬೇಕು ಎಂಬ ಸುದ್ದಿ ನಮಗಿಂತ ಮೊದಲೇ ಮನೆಮನೆ ತಲುಪಿತ್ತು. ಎರಡೂ ಯಾರಿಗೂ ಬೇಡ. ದಿನವಿಡೀ ಕಾಫಿ ತೋಟದಲ್ಲಿ ದುಡಿದು ಬಂದ ಲೈನ್‌ಮನೆಯ ಕೂಲಿಯವರು ತಮಗೆಲ್ಲ ಓದಲು ಬರುತ್ತದೆ ಎಂದರು. ಬಿ.ಎ. ಓದಿ ಬಂದು ಅಪ್ಪನ ತೋಟ ನೋಡಿಕೊಳ್ಳುತ್ತಿದ್ದ ಒಬ್ಬರು, ತಮಗೆ ಅಕ್ಷರದ ಗಂಧವೇ ಇಲ್ಲ ಎಂದು ಕೈಮುಗಿದರು. ಅವರ ಡಿಗ್ರಿ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ಅವರ ತಲೆಯ ಮೇಲೆಯೇ ನೇತಾಡುತ್ತಿತ್ತು.

ಕಾರ್ಡಿನ ವಾಕ್ಯ ಒಂದು ವಾರದೊಳಗೆ ಪಂಚಾಯ್ತಿಗೆಲ್ಲ ಬಾಯಿಪಾಠವಾಯಿತು. ಒಬ್ಬ ಮುದುಕರು ಕಾರ್ಡನ್ನು ತಲೆಕೆಳಗಾಗಿ ಹಿಡಿದು ತಪ್ಪಿಲ್ಲದೆ ಓದಿದರು. ಇನ್ನೊಬ್ಬರ ಅಂಗಳದಲ್ಲಿ ನಾನು ಚೀಲಕ್ಕೆ ಕೈ ಹಾಕುತ್ತಿದ್ದಂತೆ ಅವರು, “ಕಾರ್ಡು ತೆಗೀಬೇಡಿ ಮೇಷ್ಟ್ರೇ, ಹನೀತಾ ಇದೆ, ನೆನೆಯುತ್ತೆ. ನಾನು ಹಂಗೇ ಓದ್ತೀನಿ” ಎಂದು ಓದಿಯೇ ಬಿಟ್ಟರು. ಟೀಚರು ಅವರ ಹೆಸರಿನ ಮುಂದೆ ಏನನ್ನೂ ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ಅವರೇ ರಟ್ಟು ಕತ್ತರಿಸಿ ಮಾಡಿದ ಹೊಸ ಕಾರ್ಡು ಬಂತು. ಮಳೆಗಾಲ ಹಿಡಿದಿತ್ತು. ತೋಟದ ತರಗೆಲೆಯ ಅಡಿಯಿಂದ ಎದ್ದು ಬಂದು ಸದ್ದಿಲ್ಲದೆ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಗಳ ಕಾಲ. ಕಾರ್ಡಿನ ಮೇಲೆ ಟೀಚರು ಬರೆದಿದ್ದರು: ‘ನಿಮ್ಮ ಕಾಲಿಗೆ ಇಂಬಳ ಹತ್ತಿದೆ.’

ಬಾಯಿ ಬಿಟ್ಟು ಓದಬೇಕಾಗಿಲ್ಲ ಎಂದು ಅವರು ನನಗೆ ವಿವರಿಸಿದರು. ಕಾರ್ಡು ತೋರಿಸುವುದು, ಅವರ ಕಣ್ಣು ನೋಡುವುದು. ಕಾಲಿನ ಕಡೆ ಹೋದರೆ ಓದಲು ಬರುತ್ತದೆ. ಹೋಗದಿದ್ದರೆ ಇಲ್ಲ.

ಬಿ.ಎ. ಓದಿದವರು ಅಂಗಳದಲ್ಲಿ ಒಂದು ಮಾರು ಹಾರಿ ಮೀನಖಂಡಕ್ಕೆ ಪಟಾರನೆ ಹೊಡೆದುಕೊಂಡರು. ಆಮೇಲೆ ನಮ್ಮ ಮುಖ ನೋಡಿ, ಯಾವತ್ತಿನಿಂದ ಕ್ಲಾಸು ತಗೋಬೇಕು ಎಂದು ಸೋತ ದನಿಯಲ್ಲಿ ಕೇಳಿದರು. ಪೂಜೆ ಭಟ್ಟರ ಮನೆಯಲ್ಲಿ, ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಎಲ್ಲಿ ಓದಿಸ್ತಿದ್ರು ಎಂದು ಮಾತು ಶುರು ಮಾಡಿದ ಅಜ್ಜಿ, ಕಾರ್ಡು ಕಂಡದ್ದೇ ಸೀರೆಯ ನೆರಿಗೆ ಸರಿಸಿ ಪಾದ ನೋಡಿಕೊಂಡರು. ಅವರ ಗಂಡ ಬೆರಗಾಗಿ, “ನಿಂಗೆ ಓದೋಕೆ ಬರುತ್ತಾ?” ಎಂದರು. “ನೀವು ಯಾವತ್ತು ಕೇಳಿದ್ರಿ?” ಎಂದು ಅಜ್ಜಿ ಒಳಗೆ ಹೋದರು. ಭಟ್ಟರು ಬಹಳ ಹೊತ್ತು ಬಾಗಿಲ ಕಡೆಯೇ ನೋಡುತ್ತಿದ್ದರು. ಇಷ್ಟು ವರ್ಷ ಹೆಂಡತಿಯ ಎದುರು ಏನೇನು ಕಾಗದ ಬಿಚ್ಚಿಟ್ಟಿದ್ದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದಿರಬೇಕು.

ಒಂದು ತೊಡಕು ಮಾತ್ರ ಉಳಿದಿತ್ತು. ನಿಜವಾಗಿಯೂ ಇಂಬಳ ಹತ್ತಿದವರು ಕಾರ್ಡು ಓದದೆಯೂ ಕಾಲು ನೋಡಿಕೊಳ್ಳುತ್ತಿದ್ದರು. ಅಳತೆ ಕೆಡುತ್ತದೆ ಎಂದು ಟೀಚರಿಗೆ ಚಿಂತೆ. ಕಡೆಗೆ ಕಾರ್ಡು ತೋರಿಸುವ ಮೊದಲು ಎಲ್ಲರ ಕಾಲನ್ನೂ ಪರೀಕ್ಷಿಸಿ, ಇಂಬಳ ಇದ್ದರೆ ಸುಣ್ಣ ಹಚ್ಚಿ ಬಿಡಿಸುವ ಕೆಲಸ ನನಗೆ ಬಂತು. ಸರ್ಕಾರಿ ನೌಕರಿಗೆ ಸೇರಿದ ಮೊದಲ ವರ್ಷ ನಾನು ಮಾಡಿದ್ದು ಅದೇ. ಮುಂದೆ ಅನೇಕರು ನನ್ನನ್ನು ಇಂಬಳದ ಡಾಕ್ಟರು ಎಂದೇ ತಿಳಿದಿದ್ದರು.

ಎರಡನೆಯ ಪ್ರಶ್ನೆಗೂ ಅವರದ್ದೇ ದಾರಿ. ಪುಸ್ತಕ ಎಷ್ಟಿದೆ ಎಂಬುದು ಆಫೀಸಿನ ಪ್ರಶ್ನೆ. ಟೀಚರು ಕೇಳುತ್ತಿದ್ದದ್ದು, ಈ ಮನೆಯಲ್ಲಿ ಓದಲು ಏನು ಸಿಗುತ್ತದೆ ಎಂದು. ಒಂದು ಲೈನ್‌ಮನೆಯಲ್ಲಿ ಚಳಿಗಾಳಿ ತಡೆಯಲು ಗೋಡೆಗೆಲ್ಲ ಹಳೇ ಪತ್ರಿಕೆ ಅಂಟಿಸಿದ್ದರು, ಎಲ್ಲವನ್ನೂ ಅಡ್ಡಡ್ಡವಾಗಿ. ಆ ಮನೆಯ ಹೆಂಗಸಿಗೆ ಕಾರ್ಡು ಕೊಟ್ಟರೆ ಅವಳು ಅದನ್ನು ಅಡ್ಡ ತಿರುಗಿಸಿಕೊಂಡು ನೋಡಿ, ಕಾಲು ಕೊಡವಿದಳು. ಹಿಂದೊಮ್ಮೆ ಮರದಿಂದ ಬಿದ್ದು ಕಾಲು ಮುರಿದು ತಿಂಗಳುಗಟ್ಟಲೆ ಮಲಗಿದ್ದಳಂತೆ. ಒಂದು ಮಗ್ಗುಲಿಗೆ ಮಲಗಿದರೆ ಗೋಡೆಯ ಪತ್ರಿಕೆ ಕಣ್ಣಿಗೆ ನೇರ. ಶಾಲೆಗೆ ಹೋಗುವ ಮಗಳನ್ನು ಕೇಳಿ ಕೇಳಿ ಒಂದೊಂದೇ ಅಕ್ಷರ ಹಿಡಿದಿದ್ದಳು. ಎದ್ದು ಕೂತರೆ ಈಗಲೂ ಓದಲು ಆಗುವುದಿಲ್ಲ, ತಲೆ ವಾಲಿಸಲೇಬೇಕು. ಟೀಚರು ಅವಳ ಪಕ್ಕದಲ್ಲಿ ಕೂತು ತಾವೂ ತಲೆ ವಾಲಿಸಿ ಅರ್ಧ ಗೋಡೆ ಓದಿದರು. ಆ ಗೋಡೆಯಲ್ಲಿ ಇನ್ನೂ ಹಿಂದಿನ ಸರ್ಕಾರವೇ ನಡೆಯುತ್ತಿತ್ತು.

ಅವರು ಆ ಮನೆಯ ಮುಂದೆ ‘ಓದು ಬರುತ್ತದೆ. ಓದಲು: ಗೋಡೆ’ ಎಂದು ಬರೆದರು. ಮೇಲಿನ ಆಫೀಸಿನಿಂದ ಶಾಲೆಗೆ ಫೋನು ಬಂತು. ಗೋಡೆ ಎಂದರೆ ಎಷ್ಟು ಪುಸ್ತಕ ಎಂದು ಹಿಡಿಯಬೇಕು ಎಂದು ಅಧಿಕಾರಿಗಳು ಕೇಳಿದರು. ಒಳಗೋಡೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂದು ಟೀಚರು ಬಹಳ ವಿನಯದಿಂದ ಉತ್ತರಿಸಿದರು.

ಪಂಚಾಯ್ತಿಗೊಂದು ಲೈಬ್ರರಿಯೂ ಇತ್ತು, ಕಾಗದದ ಮೇಲೆ. ನಿಜವಾಗಿ ಅದೊಂದು ಕೋಣೆ. ಬೀಗದ ಕೈ ಸಾಹುಕಾರರ ಹತ್ತಿರ. ಒಳಗೆ ಅವರ ತೋಟದ ಕಾಳುಮೆಣಸಿನ ಚೀಲಗಳು, ಚೀಲಗಳ ಹಿಂದೆ ಒಂದು ಬೀರು ಪುಸ್ತಕ.

ಸಾಹುಕಾರರು ನಮ್ಮ ಭಾಗದ ದೊಡ್ಡ ಕಾಫಿ ಬೆಳೆಗಾರರು. ಪಂಚಾಯ್ತಿಯ ಸಾಕ್ಷರತಾ ಸಮಿತಿಗೆ ಅವರೇ ಅಧ್ಯಕ್ಷರು. ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಜಗುಲಿಯಲ್ಲಿ ಕೂತು ಪತ್ರಿಕೆ ಹಿಡಿಯುತ್ತಿದ್ದರು. ಕೆಲಸ ಕೇಳಿಕೊಂಡು ಬಂದವರು ಅಂಗಳದಲ್ಲಿ ನಿಂತಿರುವಾಗ, ಕಾಫಿ ರೇಟು ಏರಿದೆ, ಘಾಟಿಯಲ್ಲಿ ಗುಡ್ಡ ಜರಿದಿದೆ ಎಂದು ಸುದ್ದಿ ಹೇಳುತ್ತಿದ್ದರು. ಅಧ್ಯಕ್ಷರೇ ಮೊದಲು ಕಾರ್ಡು ಓದಿ ಜನರಿಗೆ ಮಾದರಿಯಾಗಬೇಕು, ಫೋಟೋ ತೆಗೆಸಬೇಕು ಎಂದು ಅವರೇ ಮೂಡಿಗೆರೆಯಿಂದ ಫೋಟೋದವನನ್ನು ಕರೆಸಿದರು. ನಾವು ಹೋದಾಗ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಸಿದ್ಧರಾಗಿದ್ದರು. ಟೀಚರು ಕಾರ್ಡು ಕೊಟ್ಟರು. ಸಾಹುಕಾರರು ಅದನ್ನು ದೂರ ಹಿಡಿದು, ಕನ್ನಡಕ ಸರಿಪಡಿಸಿಕೊಂಡು, ಅಂಗಳದವರಿಗೂ ಕೇಳುವಂತೆ ಓದಿದರು.

“ನಮ್ಮ ಊರು ಚಂದದ ಊರು.”

ಆಮೇಲೆ ಕಾರ್ಡನ್ನು ಕ್ಯಾಮೆರಾದ ಕಡೆ ತಿರುಗಿಸಿ ಹಿಡಿದು ನಕ್ಕರು. ಫೋಟೋದವನು ಒಮ್ಮೆ ಕಾರ್ಡು ನೋಡಿ, ಒಮ್ಮೆ ತನ್ನ ಕಾಲು ನೋಡಿಕೊಂಡು, ಗುಂಡಿ ಒತ್ತಿದ. ಬಾಗಿಲಲ್ಲಿ ನಿಂತಿದ್ದ ಸಾಹುಕಾರರ ಹೆಂಡತಿ ಮುಖ ತಿರುಗಿಸಿಕೊಂಡರು. ಟೀಚರು ಕಾರ್ಡನ್ನು ಹಿಂದಕ್ಕೆ ತೆಗೆದುಕೊಂಡು, ಕಾಫಿ ಚೆನ್ನಾಗಿದೆ ಎಂದರು. ಆ ಫೋಟೋ ದೊಡ್ಡದಾಗಿ ಕಟ್ಟು ಹಾಕಿಸಿಕೊಂಡು ಬಹಳ ಕಾಲ ಮೇಲಿನ ಆಫೀಸಿನಲ್ಲಿ ತೂಗುತ್ತಿತ್ತು. ಕೆಲಸಕ್ಕೆಂದು ಅಲ್ಲಿಗೆ ಹೋದ ಜನ ಅದನ್ನು ನೋಡಿ ಪಾದ ಎತ್ತಿ ಎತ್ತಿ ಇಡುತ್ತಿದ್ದರು.

ಪಟ್ಟಿ ಮುಗಿಯಿತು. ಕೆಳಗೆ ಅಧ್ಯಕ್ಷರ ಸಹಿ ಆಗಬೇಕು. ಓದು ಬಾರದವರ ಸಾಲಿನಲ್ಲಿ ಅಧ್ಯಕ್ಷರ ಹೆಸರೂ ಇತ್ತು. ಬರುತ್ತದೆ ಎಂದೇ ಬರೆದುಬಿಡಿ, ದೊಡ್ಡವರ ಸಹವಾಸ ಯಾಕೆ ಎಂದು ನಾನು ಹೇಳಿದೆ. ಸಾಕ್ಷಿ ಏನು ಎಂದರು ಟೀಚರು. ಹಾಗಾದರೆ ಸುಮ್ಮನೆ ಮುಂದಿಡಿ, ನೋಡದೆ ಸಹಿ ಹಾಕುತ್ತಾರೆ ಎಂದೆ. ಟೀಚರು ದಾರಿಯಲ್ಲೇ ನಿಂತರು.

“ಅದೇ ಆಗಬಾರ್ದು ಮಾರಾಯ. ತನಗೆ ಓದು ಬರಲ್ಲ ಅಂತ ಬರೆದ ಕಾಗದಕ್ಕೆ, ಓದು ಬರಲ್ಲ ಅನ್ನೋ ಕಾರಣಕ್ಕೇ ಒಬ್ಬ ಮನುಷ್ಯ ಸಹಿ ಹಾಕೋದು ಅಂದ್ರೆ ಏನು?”

ಸಾಹುಕಾರರ ಜಗುಲಿಯಲ್ಲಿ ತೋಟದ ಲೆಕ್ಕ ಬರೆಯುವ ರೈಟರು, ಆಳುಗಳ ಮೇಸ್ತ್ರಿ ಎಲ್ಲ ಇದ್ದರು. ಟೀಚರು ಅವರನ್ನೆಲ್ಲ ಕಳಿಸುವಂತೆ ಕೇಳಿಕೊಂಡು, ಸಹಿಗೆ ಮೊದಲು ಪಟ್ಟಿ ಓದುತ್ತೇನೆ ಎಂದರು. ಬೇಕಾಗಿಲ್ಲ ಎಂದು ಸಾಹುಕಾರರು ಪೆನ್ನು ತೆಗೆದರು. ಟೀಚರು ಆಗಲೇ ಓದಲು ಶುರು ಮಾಡಿದ್ದರು. ಹಣ್ಣು ಕುಯ್ಯುವ ಹೆಂಗಸರು, ಮರ ಕೊಯ್ಯುವವರು, ತೋಟದ ಕಾವಲುಗಾರ. ಅವನ ಹೆಸರಾದ ಮೇಲೆ ಸಾಹುಕಾರರ ಹೆಸರು, ಅದರ ನಂತರ ಅವರ ಮನೆಯ ಅಡುಗೆಯವಳದ್ದು. ದನಿ ಎಲ್ಲಿಯೂ ಏರಲಿಲ್ಲ, ತಗ್ಗಲಿಲ್ಲ. ನಾನು ನನ್ನ ಚಪ್ಪಲಿ ನೋಡುತ್ತಾ ನಿಂತಿದ್ದೆ. ಈ ಹೆಂಗಸಿನ ಕೆಲಸ ಇವತ್ತು ಹೋಯಿತು, ಜೊತೆಗೆ ನನ್ನದೂ ಎಂದುಕೊಂಡೆ.

ಸಾಹುಕಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದು ಬರೀ ಗಾಜು ಟೀಚ್ರೇ. ನಂಗೆ ಕಣ್ಣು ಚೆನ್ನಾಗೇ ಕಾಣ್ತದೆ” ಎಂದರು.

ಅವರು ಸ್ಲೇಟು ಹಿಡಿಯುವ ವಯಸ್ಸಿನಲ್ಲಿ ಅಪ್ಪ ತೀರಿಕೊಂಡಿದ್ದರು. ತಮ್ಮಂದಿರನ್ನು ಚಿಕ್ಕಮಗಳೂರಿನಲ್ಲಿ ಓದಲು ಬಿಟ್ಟು ಇವರು ತೋಟ ಹಿಡಿದರು. ಸಹಿ ಹಾಕುವುದನ್ನು ಚಿತ್ರ ಬರೆದ ಹಾಗೆ ಕಲಿತರು. ಬೆಳಿಗ್ಗೆ ಒಳಗೆ ಹೆಂಡತಿ ಓದಿ ಹೇಳಿದ್ದನ್ನು ಹೊರಗೆ ಬಂದು ಪತ್ರಿಕೆ ಹಿಡಿದುಕೊಂಡು ಹೇಳುತ್ತಿದ್ದರು. ಇದನ್ನೆಲ್ಲ ಅವರು ತೋಟದ ವಿಷಯ ಹೇಳುವ ಹಾಗೆ, ನಮ್ಮ ಮುಖ ನೋಡದೆ ಹೇಳಿ ಮುಗಿಸಿದರು. ಆಮೇಲೆ, ಇದನ್ನ ಮೇಲೆ ಕಳಿಸ್ತೀರಾ ಎಂದು ಕೇಳಿದರು. ಕಳಿಸ್ತೀನಿ ಎಂದರು ಟೀಚರು.

“ಹೆಸರು ತೆಗೆಯೋಕೆ ಏನಾದ್ರೂ ದಾರಿ ಉಂಟಾ?”

“ಉಂಟು. ಕಲೀಬೇಕು.”

ಸಾಹುಕಾರರು ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು ಸಹಿ ಹಾಕಿದರು.

ಸಾಹುಕಾರರ ಕ್ಲಾಸು ನಡೆದದ್ದು ಲೈಬ್ರರಿ ಕೋಣೆಯಲ್ಲಿ, ಮೆಣಸಿನ ಚೀಲಗಳ ನಡುವೆ, ಬಾಗಿಲು ಹಾಕಿಕೊಂಡು. ಲೈಬ್ರರಿ ಪರಿಶೀಲನೆ ನಡೆಯುತ್ತಿದೆ ಎಂದು ಊರಿಗೆ ಹೇಳಿದ್ದಾಯಿತು. ಯಾರೂ ಏನೂ ಅನ್ನದಿರಲೆಂದು ಸಾಹುಕಾರರ ಹೆಂಡತಿಯೂ ಬಂದು ಮೂಲೆಯಲ್ಲಿ ಕೂರುತ್ತಿದ್ದರು. ಗಂಡ ತಪ್ಪು ಓದಿದಾಗ ಅವರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು, ಮೆಣಸಿನ ಘಾಟಿಗೆ ಎಲ್ಲರೂ ಸೀನುತ್ತಿದ್ದರು. ಪ, ವ, ಮ ಮೂರೂ ಒಂದೇ ಗೂಟಕ್ಕೆ ಕಟ್ಟಿದ ದನಗಳ ಹಾಗೆ ಕಾಣುತ್ತವೆ, ಯಾವುದು ಯಾರದ್ದು ತಿಳಿಯುವುದಿಲ್ಲ ಎಂದು ಸಾಹುಕಾರರ ದೂರು. ಆದರೂ ಒಂದು ದಿನ ತಪ್ಪಿಸಲಿಲ್ಲ. ಕಾಗುಣಿತದವರೆಗೆ ಬಂದರು.

ಅಷ್ಟರಲ್ಲಿ ಮೇಲಿನ ಆಫೀಸಿನವರು ನಮ್ಮ ಪಟ್ಟಿ ನೋಡಿ ಕೆರಳಿದ್ದರು. ಅಧ್ಯಕ್ಷರಿಗೇ ಓದು ಬರುವುದಿಲ್ಲ ಎಂದು ಬರೆಯುವುದು ಆಂದೋಲನಕ್ಕೆ ಮಾಡಿದ ಅವಮಾನ, ತಿದ್ದದಿದ್ದರೆ ಕ್ರಮ ತೆಗೆದುಕೊಳ್ಳಬೇಕಾಗುತ್ತದೆ ಎಂದರು. ಟೀಚರು ತಿದ್ದಲಿಲ್ಲ. ಆಫೀಸಿನವರೇ ಹೊಸದಾಗಿ ಟೈಪು ಮಾಡಿಸಿದರು. ಹೊಸ ಪಟ್ಟಿಯಲ್ಲಿ ಓದು ಬಾರದವರು ಯಾರೂ ಉಳಿಯಲಿಲ್ಲ.

ಮೂಡಿಗೆರೆಯಲ್ಲಿ ದೊಡ್ಡ ಸಮಾರಂಭ. ನಮ್ಮ ಪಂಚಾಯ್ತಿಯ ಪರವಾಗಿ ಘೋಷಣೆ ಓದಬೇಕಾದವರು ಸಾಹುಕಾರರು. ಗಂಟಲು ಕಟ್ಟಿದೆ ಎಂದುಬಿಡಿ ಎಂದು ಹೆಂಡತಿ ಹೇಳಿಕೊಟ್ಟಿದ್ದರಂತೆ. ನಾನೂ ಟೀಚರೂ ಹಿಂದಿನ ಸಾಲಿನಲ್ಲಿದ್ದೆವು. ಹೆಸರು ಕರೆದಾಗ ಸಾಹುಕಾರರು ಎದ್ದು ಬಂದರು, ಕನ್ನಡಕವಿಲ್ಲದೆ. ಕಾಗದವನ್ನು ಮೈಕಿನ ಮುಂದಿನ ಮೇಜಿನ ಮೇಲಿಟ್ಟು, ಬೆರಳು ಇಟ್ಟರು.

“ಈ... ದಿನ... ನಾ... ವು...”

ಮೈಕಿನವನು ಮೈಕು ಕೆಟ್ಟಿದೆ ಎಂದು ಓಡಿ ಬಂದು ಅಲುಗಾಡಿಸಿದ. ಸಾಹುಕಾರರು ಅವನ ಕೈ ಸರಿಸಿ ಮುಂದುವರಿದರು. ಬಹಳ, ಸಂತೋಷದಿಂದ, ಸಾರುವುದೇನೆಂದರೆ. ಒಂದೊಂದು ಅಕ್ಷರಕ್ಕೂ ಬೆರಳು ಸರಿಯುತ್ತಿತ್ತು. ವೇದಿಕೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಪಕ್ಕದಲ್ಲಿ ಟೀಚರ ತುಟಿಗಳು ಸದ್ದಿಲ್ಲದೆ ಅವರ ಜೊತೆಗೇ ಓದುತ್ತಿದ್ದವು. ಈ ಪಂಚಾಯಿತಿಯು, ಎನ್ನುವಲ್ಲಿಗೆ ಬಂದರು. ಮುಂದೆ ‘ಸಂಪೂರ್ಣ ಸಾಕ್ಷರ’ ಎಂದಿತ್ತು. ಬೆರಳು ನಿಂತಿತು. ಮುಂದಕ್ಕೆ ಹೋಗಿ ನೋಡಿ ಹಿಂದಕ್ಕೆ ಬಂತು. ಸಾಹುಕಾರರು ತಲೆ ಎತ್ತಿ ಜನರನ್ನು ನೋಡಿದರು.

“ಟೀಚರು ಒತ್ತಕ್ಷರ ಇನ್ನೂ ಹೇಳ್ಕೊಟ್ಟಿಲ್ಲ. ಇಲ್ಲಿವರೆಗೆ ಓದಿದ್ದು ನಾನೇ. ಮುಂದಿಂದು ಯಾರಾದ್ರೂ ಓದಿ” ಎಂದು ಹೇಳಿ ಹೋಗಿ ಕೂತರು.

ಮೊದಲು ಚಪ್ಪಾಳೆ ತಟ್ಟಿದವರು ಬೆಂಗಳೂರಿನಿಂದ ಬಂದಿದ್ದ ಮುಖ್ಯ ಅತಿಥಿಗಳು. ಇದು ಬೀದಿನಾಟಕದ ಭಾಗ ಎಂದು ಅವರು ತಿಳಿದಿದ್ದರು. ಭಾಷಣದಲ್ಲಿ, ಅನಕ್ಷರಸ್ಥನ ಪಾತ್ರ ಮಾಡಿದ ಹಿರಿಯ ಕಲಾವಿದರ ಅಭಿನಯವನ್ನು ಮನಸಾರೆ ಹೊಗಳಿದರು. ಪಂಚಾಯ್ತಿಯನ್ನು ಸಂಪೂರ್ಣ ಸಾಕ್ಷರ ಎಂದು ಘೋಷಿಸಿ ಶಾಲು ಹೊದಿಸಿದ್ದೂ ಆಯಿತು. ಟೀಚರು ಸೆರಗಿನಿಂದ ಕಣ್ಣು ಒರೆಸಿಕೊಂಡು, “ಸಾರುವುದೇನೆಂದರೆ ಅನ್ನೋದು ಸುಲಭ ಇಲ್ಲ. ಸರಿಯಾಗೇ ಓದಿದ್ರು” ಎಂದರು.

ಮರುವಾರ ಸಾಹುಕಾರರು ಮೆಣಸಿನ ಚೀಲಗಳನ್ನೆಲ್ಲ ಸಾಗಿಸಿ ಲೈಬ್ರರಿಯ ಬಾಗಿಲು ತೆಗೆಸಿದರು. ರಸ್ತೆಗೆ ಕಾಣುವಂತೆ ಬೆಂಚು ಹಾಕಿಸಿ, ಮಕ್ಕಳ ಪುಸ್ತಕ ಹಿಡಿದು ಕೂತರು. ಅವರೇ ಕೂತ ಮೇಲೆ ಬೇರೆಯವರಿಗೇನು ನಾಚಿಕೆ. ಕಾವಲುಗಾರ ಬಂದ, ಅಡುಗೆಯವಳು ಬಂದಳು. ಹನಿ ಬೀಳುವಾಗ ಕಾರ್ಡಿಲ್ಲದೆ ಓದಿದ್ದವರೂ ಬಂದರು. ಗೋಡೆಯ ಹೆಂಗಸು ಬಂದು ನೇರ ಕೂತು ಓದುವ ಅಭ್ಯಾಸ ಶುರು ಮಾಡಿದಳು. ಬಿ.ಎ. ಓದಿದವರು ಒಲ್ಲದ ಮನಸ್ಸಿನಿಂದ ಕಲಿಸಲು ಬಂದು, ಆಮೇಲೆ ಬಿಡಲೇ ಇಲ್ಲ.

ಕೆಲವು ವರ್ಷಗಳ ನಂತರ, ಹೊಸ ಶತಮಾನ ಶುರುವಾದ ಮೇಲೆ, ಮೇಲಿನ ಆಫೀಸಿನವರು ತಾವೇ ಬಂದು ಮರುಸಮೀಕ್ಷೆ ಮಾಡಿದರು. ಈ ಸಲ ಯಾರೂ ಸುಳ್ಳು ಹೇಳಲಿಲ್ಲ. ಕಾಗುಣಿತ ಬಂದಿದೆ, ಒತ್ತಕ್ಷರ ಬಾಕಿ ಎಂದರು. ನಂಗೆ ಇನ್ನೂ ಬರಲ್ಲ, ನನ್ನ ಅಕ್ಕನಿಗೂ ಬರಲ್ಲ, ಅವಳನ್ನೂ ಬರೆದುಕೊಳ್ಳಿ ಎಂದು ಮನೆಯಿಂದ ಹೊರಗೆ ಬಂದು ಹೇಳಿದರು. ಸಂಪೂರ್ಣ ಸಾಕ್ಷರವಾಗಿದ್ದ ಪಂಚಾಯ್ತಿಯಲ್ಲಿ ಅನಕ್ಷರಸ್ಥರು ಏಕಾಏಕಿ ಹುಟ್ಟಿಕೊಂಡಿದ್ದರು. ಅಕ್ಷರ ಕಲಿಸುವ ಕೇಂದ್ರ ಪ್ರತಿ ವಾರ ನಡೆಯುತ್ತಿದ್ದ ಊರು ನಮ್ಮದೊಂದೇ, ಸಾಕ್ಷರತೆ ಕುಸಿದ ಊರೂ ನಮ್ಮದೊಂದೇ. ಹಳೆಯ ಸಮೀಕ್ಷೆಯ ಕಡತದಲ್ಲಿ ನಮ್ಮಿಬ್ಬರ ಹೆಸರೂ ಇದ್ದದ್ದರಿಂದ ಕಾರಣ ಕೇಳಿ ಟೀಚರಿಗೆ ಒಂದು ನೋಟೀಸು ಬಂತು, ನನಗೆ ಅದರ ನಕಲು.

ನಾನು ಹೆದರಿ ಅದನ್ನು ಹಿಡಿದುಕೊಂಡು ಅವರ ಮನೆಗೆ ಓಡಿದೆ. ಅವರ ನಿವೃತ್ತಿಗೆ ಬಹಳ ಕಾಲ ಇರಲಿಲ್ಲ. ಪಿಂಚಣಿಗೆ ತೊಂದರೆ ಮಾಡಬಹುದು ಎಂದೆ. ಟೀಚರು ನೋಟೀಸನ್ನು ಎರಡು ಸಲ ಓದಿ, ಭಾಷೆ ಪರವಾಗಿಲ್ಲ, ಒತ್ತಕ್ಷರ ಬೇಕಾದಷ್ಟಿವೆ ಎಂದು ಚೀಲಕ್ಕೆ ಹಾಕಿಕೊಂಡರು. ಸಂಜೆ ಲೈಬ್ರರಿಯಲ್ಲಿ ಅದೇ ಪಾಠ.

ಒಬ್ಬೊಬ್ಬರಿಗೆ ಒಂದೊಂದು ಸಾಲು. ‘ಉಲ್ಲೇಖ’ದಲ್ಲಿ ಅಡುಗೆಯವಳು ತಡವರಿಸಿದಳು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬುದನ್ನು ಕಾವಲುಗಾರ ಬೆವರೊರೆಸಿಕೊಂಡು ದಾಟಿದ. ಗೋಡೆಯ ಹೆಂಗಸು ನೇರ ಕೂತು ಎರಡು ಸಾಲು ಓದಿದಾಗ ಎಲ್ಲರೂ ಭೇಷ್ ಎಂದರು. ಕಡೆಯ ಸಾಲು ಸಾಹುಕಾರರ ಪಾಲಿಗೆ ಬಂತು. ಅದರಲ್ಲಿ ‘ಕರ್ತವ್ಯನಿರ್ಲಕ್ಷ್ಯ’ ಎಂದಿತ್ತು. ಅವರು ಬೆರಳಿಟ್ಟು, ಬಿಡಿಸಿ, ಕೂಡಿಸಿ, ಒಮ್ಮೆ ತಪ್ಪಿ, ಎರಡನೆಯ ಸಲ ಪೂರ್ತಿ ಹೇಳಿದರು. ಹೆಂಗಸರು ಚಪ್ಪಾಳೆ ತಟ್ಟಿದರು. ಸಾಹುಕಾರರ ಮುಖ ಅರಳಿತು.

“ಹಂಗಂದ್ರೆ ಏನು ಟೀಚ್ರೇ?”

“ಮಾಡಬೇಕಾದ ಕೆಲಸ ಮಾಡದೇ ಇರೋದು.”

“ಯಾರು ಮಾಡಿಲ್ಲ?”

“ನಾನು” ಎಂದರು ಟೀಚರು.

ಎಲ್ಲರೂ ಒಮ್ಮೆ ನೋಟೀಸು, ಒಮ್ಮೆ ಟೀಚರ ಮುಖ ನೋಡಿದರು. ಆಮೇಲೆ ಬೆಂಚಿನ ತುದಿಯಲ್ಲಿ ಯಾರೋ ಕಿಸಕ್ಕೆಂದರು. ಅದು ಸಾಲಿನುದ್ದಕ್ಕೂ ಹರಡಿತು. ಸಾಹುಕಾರರಂತೂ ಬೆಂಚು ಅಲುಗುವಂತೆ ನಕ್ಕರು. ನಗು ನಿಂತ ಮೇಲೆ ಟೀಚರು ನೋಟೀಸಿನ ಹಿಂಬದಿಯಲ್ಲಿ, ‘ಇದನ್ನು ನಾವು ಓದಿದ್ದೇವೆ’ ಎಂದು ಬರೆದು ಕೆಳಗಿಟ್ಟರು. ಎಲ್ಲರೂ ಸರದಿಯಲ್ಲಿ ಬಂದು ಹೆಸರು ಬರೆದರು. ಸಾಹುಕಾರರು ತಮ್ಮ ಹಳೆಯ ಸಹಿ ಹಾಕದೆ, ಹೆಸರನ್ನು ಬಿಡಿಬಿಡಿಯಾಗಿ ಬರೆದರು. ಉತ್ತರವೆಂದು ಅದನ್ನೇ ಅಂಚೆಗೆ ಹಾಕಿದೆವು.

ಮೇಲಿನ ಆಫೀಸಿನಿಂದ ಮತ್ತೆ ಏನೂ ಬರಲಿಲ್ಲ. ಟೀಚರಿಗೆ ಪಿಂಚಣಿಯೂ ಸರಿಯಾಗಿಯೇ ಸಿಕ್ಕಿತು. ಆದರೆ ಕ್ಲಾಸಿನವರಿಗೆ ಪಾಠದ ಪುಸ್ತಕ ಆಮೇಲೆ ರುಚಿಸಲಿಲ್ಲ. ಪ್ರತಿ ವಾರ ಬಂದು ಕೂತವರೇ, ಇನ್ನೊಂದು ನೋಟೀಸು ಬಂದಿದೆಯಾ ಎಂದು ವಿಚಾರಿಸುತ್ತಿದ್ದರು. ಇಲ್ಲ ಎಂದರೆ ಅವರ ಮುಖ ಬಾಡುತ್ತಿತ್ತು.

“ನೋಡೋಣ, ನಾನೂ ಪ್ರಯತ್ನ ಪಡ್ತಾ ಇದೀನಿ” ಎನ್ನುತ್ತಿದ್ದರು ಟೀಚರು.